ಆನೆಗೊಂದಿಯ ಬಂಡೆಗೆ ಬೆಳಕಿನ ಲೆಕ್ಕ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಏರಿ ನಿಂತರೆ ಕೆಳಗೆ ತುಂಗಭದ್ರೆ, ಭತ್ತದ ಗದ್ದೆಗಳ ಹಸಿರು, ಆಚೆ ದಡದಲ್ಲಿ ಹಂಪಿ, ಎತ್ತ ನೋಡಿದರೂ ಬಂಡೆ. ಇಲ್ಲಿ ಸಿನಿಮಾಕ್ಕೆ ಒಂದು ಶಾಟ್ ಬೇಕಾಗಿದೆ ಎಂದುಕೊಳ್ಳಿ. ನಾಯಕ ಒಂದು ಬಂಡೆಯಿಂದ ಜಿಗಿದು, ಹೊಳೆ ದಾಟಿ, ಆಚೆಯ ಬಂಡೆಯ ಮೇಲೆ ಕಾಲೂರಬೇಕು. ಆ ಹೊಡೆತಕ್ಕೆ ಬಂಡೆ ಬಿರಿದು ಚೂರುಗಳು ನೀರಿಗೆ ಉರುಳಬೇಕು. ತೆರೆಯ ಮೇಲೆ ಇದು ಐದೇ ಸೆಕೆಂಡು; ಸೆಕೆಂಡಿಗೆ 24ರಂತೆ 120 ಚಿತ್ರಗಳು. ನಟ ಹೊಳೆಯನ್ನು ದಾಟುವುದಿಲ್ಲ, ಬಂಡೆಯ ಒಂದು ಚಕ್ಕೆಯೂ ಏಳುವುದಿಲ್ಲ. ಸ್ಟುಡಿಯೊದ ಹಸಿರು ಪರದೆಯ ಮುಂದೆ ಹಗ್ಗ ಕಟ್ಟಿಸಿಕೊಂಡು ಅವನು ಜಿಗಿದಿರುತ್ತಾನೆ. ಉಳಿದದ್ದೆಲ್ಲ ಆಮೇಲಿನ ಕೆಲಸ.

ಆ ಆಮೇಲಿನ ಕೆಲಸವೇ ವಿಎಫ್‌ಎಕ್ಸ್, ಅಂದರೆ ವಿಷುಯಲ್ ಎಫೆಕ್ಟ್ಸ್. ನಮ್ಮ ಕಡೆ ಇದನ್ನು ‘ಗ್ರಾಫಿಕ್ಸ್’ ಎಂದುಬಿಡುತ್ತೇವೆ. ಚಿತ್ರ ಬರೆಯಲು ಬರುವವರಿಗಷ್ಟೇ ಹೇಳಿದ್ದು ಎಂದು ತಿಳಿದುಕೊಂಡಿದ್ದೇವೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ಪಿಯು ವಿಜ್ಞಾನ, ಡಿಪ್ಲೊಮಾ, ಬಿ.ಇ. ಓದುತ್ತಿರುವ ಮಕ್ಕಳು ಆ ಒಂದು ಕಾರಣಕ್ಕೇ ಇತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಚಿತ್ರ ಬರೆಯಲು ಬಾರದವರಿಗೂ ಈ ಉದ್ಯಮದಲ್ಲಿ ದೊಡ್ಡ ಜಾಗವಿದೆ. ಅಲ್ಲಿ ಬೇಕಾದದ್ದು ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಮತ್ತು ಬೆಳಕನ್ನು ಗಮನಿಸುವ ಕಣ್ಣು.

ಅದೇ ಶಾಟನ್ನು ಹಿಡಿದು ಹೋಗೋಣ. ಚಿತ್ರೀಕರಣದ ದಿನವೇ ವಿಎಫ್‌ಎಕ್ಸ್ ತಂಡದವರು ಬಂಡೆಗಳ ಸುತ್ತ ತಿರುಗಿ ನೂರಾರು ಫೋಟೊ ತೆಗೆಯುತ್ತಾರೆ, ಲೈಡಾರ್ ಯಂತ್ರದಿಂದ ಲೇಸರ್ ಹಾಯಿಸಿ ಅಳತೆ ಹಿಡಿಯುತ್ತಾರೆ. ನಟ ಕಾಣಿಸಿಕೊಳ್ಳಬೇಕಾದ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಚೆಂಡನ್ನೂ ಬೂದು ಬಣ್ಣದ ಇನ್ನೊಂದನ್ನೂ ಇಟ್ಟು ಚಿತ್ರ ತೆಗೆದುಕೊಳ್ಳುತ್ತಾರೆ. ಹೊಳೆಯುವ ಚೆಂಡಿನಲ್ಲಿ ಸೂರ್ಯ ಎಲ್ಲಿದ್ದ, ಆಕಾಶ ಎಷ್ಟು ಬೆಳಗಿತ್ತು ಎಂಬುದು ದಾಖಲಾಗುತ್ತದೆ. ಬೂದು ಚೆಂಡಿನ ಮೇಲೆ ಬಿಸಿಲಿನ ತೀವ್ರತೆಯೂ ನೆರಳಿನ ಅಂಚೂ ತಿಳಿಯುತ್ತವೆ. ಬೆಂಗಳೂರಿನ ಎಸಿ ಕೋಣೆಯಲ್ಲಿ ಕುಳಿತವರು ಗಂಗಾವತಿಯ ಬಿಸಿಲನ್ನು ಮತ್ತೆ ಕಟ್ಟುವುದು ಈ ದಾಖಲೆಯಿಂದಲೇ.

ಮುಂದಿನದು ಮ್ಯಾಚ್‌ಮೂವ್. ಬೆಟ್ಟದ ಮೇಲೆ ಕ್ಯಾಮೆರಾ ಹೇಗೆ ಸರಿದಿತ್ತೋ ಹಾಗೆಯೇ ಸರಿಯುವ ಕ್ಯಾಮೆರಾ ಕಂಪ್ಯೂಟರಿನೊಳಗೂ ಬೇಕು. ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆ ಬದಿಯ ಜಾಲಿಗಿಡ ಸರ್ರನೆ ಹಿಂದೆ ಓಡುತ್ತದೆ, ದೂರದ ಗುಡ್ಡ ನಿಧಾನಕ್ಕೆ ಸರಿಯುತ್ತದೆ. ಈ ವ್ಯತ್ಯಾಸವನ್ನೇ ಅಳೆದು, 120 ಚಿತ್ರಗಳಲ್ಲೂ ಕ್ಯಾಮೆರಾ ಎಲ್ಲಿತ್ತು, ಎತ್ತ ನೋಡುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ಲೆನ್ಸ್ ತನ್ನ ಅಂಚಿನಲ್ಲಿ ನೇರ ಗೆರೆಗಳನ್ನು ಬಾಗಿಸಿರುತ್ತದೆ, ಅದನ್ನು ಮೊದಲು ಸರಿಪಡಿಸಬೇಕು. ಇಲ್ಲಿ ಕೂದಲೆಳೆಯಷ್ಟು ತಪ್ಪಿದರೂ ನಾಯಕನ ಕಾಲು ಬಂಡೆಯ ಮೇಲೆ ನಿಲ್ಲದೆ ತೇಲುತ್ತದೆ. ದ್ವಿತೀಯ ಪಿಯುಸಿಯಲ್ಲಿ ಅಂಕಕ್ಕಾಗಿ ಮಾಡಿದ ಮ್ಯಾಟ್ರಿಕ್ಸ್, ವೆಕ್ಟರ್ ಲೆಕ್ಕಗಳು ಇಲ್ಲಿ ದಿನನಿತ್ಯದ ಕೆಲಸ.

ನಟನ ಹಗ್ಗವನ್ನು ಅಳಿಸುವುದು ಪೇಂಟ್, ಅವನ ಅಂಚನ್ನು ಚಿತ್ರದಿಂದ ಚಿತ್ರಕ್ಕೆ ಗೆರೆ ಎಳೆದು ಬೇರ್ಪಡಿಸುವುದು ರೋಟೊ. ಹೊಸಬರಿಗೆ ಮೊದಲು ಸಿಗುವ ಕೆಲಸ ಸಾಮಾನ್ಯವಾಗಿ ಇವೇ. ಬಂಡೆ ಒಡೆಯುವುದು ಎಫ್‌ಎಕ್ಸ್ ವಿಭಾಗದ ಪಾಲು. ಇಲ್ಲಿ ಹೂಡಿನಿ ಎಂಬ ತಂತ್ರಾಂಶದ ಬಳಕೆ ಹೆಚ್ಚು. ಬಿರುಕು ಎಲ್ಲಿ ಮೂಡಬೇಕು, ದೊಡ್ಡ ತುಂಡು ಯಾವುದು, ಪುಡಿ ಎಷ್ಟು, ಧೂಳು ಎಷ್ಟು ಹೊತ್ತು ಗಾಳಿಯಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ನಿಯಮಗಳಾಗಿ ಬರೆಯಬೇಕು. ಬಂಡೆಯ ಗಾತ್ರವನ್ನು ಮೀಟರಿನಲ್ಲಿ ನಿಜಕ್ಕಿಂತ ಚಿಕ್ಕದಾಗಿ ಕೊಟ್ಟರೆ ಚೂರುಗಳು ತೀರ ಬೇಗ ನೆಲ ಮುಟ್ಟಿ, ಬೆಟ್ಟವೇ ಆಟಿಕೆ ಎನಿಸುತ್ತದೆ. ಕಲ್ಲಿನ ಮೈಯ ಒರಟನ್ನೂ ಹೊಗೆಯ ಸುಳಿಯನ್ನೂ ಹೆಚ್ಚಾಗಿ ಕೈಯಲ್ಲಿ ಬರೆಯುವುದಿಲ್ಲ. ಅವು ಸೂತ್ರದಿಂದ ಹುಟ್ಟುತ್ತವೆ. 1982ರ ‘ಟ್ರಾನ್’ ಚಿತ್ರಕ್ಕೆ ಕೆಲಸ ಮಾಡಿದ್ದ ಕೆನ್ ಪರ್ಲಿನ್, ಕಂಪ್ಯೂಟರ್ ಚಿತ್ರಗಳು ತೀರ ನುಣುಪಾಗಿ ಕಾಣುವುದನ್ನು ಒಪ್ಪಲಾರದೆ ರೂಪಿಸಿದ ಅಂಥ ಒಂದು ಸೂತ್ರಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಂದಿತು.

ಎಲ್ಲ ಕೂಡಿಸಿದ ಮೇಲೆ ರೆಂಡರ್. ಬೆಳಕಿನ ಕಿರಣಗಳು ಎಲ್ಲಿ ಬಡಿದು ಎತ್ತ ಚಿಮ್ಮುತ್ತವೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒಂದು ಚಿತ್ರಕ್ಕೆ ಹತ್ತು ತಾಸು ಹಿಡಿಯಿತೆನ್ನಿ, ನಮ್ಮ ಐದು ಸೆಕೆಂಡಿಗೆ 1,200 ತಾಸು. ಒಂದೇ ಯಂತ್ರವಾದರೆ 50 ದಿನ, ನೂರು ಯಂತ್ರಗಳಾದರೆ ಅರ್ಧ ದಿನ. ಆ ನೂರು ಯಂತ್ರಗಳಿಗೆ ಕೆಲಸ ಹಂಚುವವರು, ಒಂದು ವಿಭಾಗದ ಕಡತ ಇನ್ನೊಂದಕ್ಕೆ ತಪ್ಪಿಲ್ಲದೆ ತಲುಪುವಂತೆ ಪೈಥಾನ್‌ನಲ್ಲಿ ಉಪಕರಣ ಬರೆದುಕೊಡುವವರು, ನಡುರಾತ್ರಿ ರೆಂಡರ್ ನಿಂತರೆ ಕಾರಣ ಹುಡುಕುವವರು ಟೆಕ್ನಿಕಲ್ ಡೈರೆಕ್ಟರ್‌ಗಳು. ಸ್ಟುಡಿಯೊಗಳಲ್ಲಿ ಇವರನ್ನು ಕರೆಯುವುದು ಟಿಡಿ ಎಂದು. ಪ್ರೇಕ್ಷಕರಿಗೆ ಇವರ ಹೆಸರು ಗೊತ್ತಾಗುವುದಿಲ್ಲ, ಆದರೆ ಸ್ಟುಡಿಯೊ ನಿಂತಿರುವುದು ಇವರ ಮೇಲೆ. ತಮಿಳುನಾಡಿನ ತೂತ್ತುಕುಡಿಯ ಕೊಟ್ಟಲಂಗೊ ಲಿಯಾನ್, ಸೋನಿ ಇಮೇಜ್‌ವರ್ಕ್ಸ್‌ನಲ್ಲಿ ಶಾಟ್‌ಗಳನ್ನು ಪರಿಶೀಲಿಸುವ ‘ಐಟಿವ್ಯೂ’ ತಂತ್ರಾಂಶ ಕಟ್ಟಿದ ತಂಡದಲ್ಲಿದ್ದು 2016ರಲ್ಲಿ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಪಡೆದರು. ಅದು ಪ್ರೋಗ್ರಾಮರ್‌ಗಳ ಕೆಲಸಕ್ಕೆ ಸಿಕ್ಕ ಮನ್ನಣೆ.

ಬೆಳಕು, ತೆರೆ, ಪದರಗಳ ಈ ವಿದ್ಯೆ ಕೊಪ್ಪಳಕ್ಕೆ ಹೊಸದಲ್ಲ. 2025ರಲ್ಲಿ ಪದ್ಮಶ್ರೀಗೆ ಪಾತ್ರರಾದ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಜೀವಮಾನವಿಡೀ ಮಾಡಿದ್ದು ಅದನ್ನೇ. ತೊಗಲುಗೊಂಬೆಗೆ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಗೊಳಿಸುತ್ತಾರೆ. ಹಿಂದಿನಿಂದ ದೀಪ ಬಿದ್ದಾಗಲಷ್ಟೇ ಬಣ್ಣ ಏಳುತ್ತದೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಚೂಪಾಗಿ ಕಾಣುತ್ತದೆ, ದೀಪದ ಕಡೆಗೆ ಸರಿಸಿದರೆ ಆಕಾರ ಹಿಗ್ಗಿ ಮಸುಕಾಗುತ್ತದೆ. ಆಭರಣಗಳಿಗೆ ಕೊರೆದ ಸಣ್ಣ ರಂಧ್ರಗಳು ಬೆಳಕನ್ನೇ ಮುತ್ತಾಗಿಸುತ್ತವೆ. ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರೂ ಮೈಯ ಹೊಳಪನ್ನು ಪದರಪದರವಾಗಿ ಕಟ್ಟುವವರೇ: ಹಗುರ ಮರ, ಅದರ ಮೇಲೆ ಸೆಣಬಿನ ಚಿಂದಿ ಮತ್ತು ಹುಣಸೆ ಬೀಜದ ಅಂಟಿನ ಕಿಟ್ಟ, ಉಬ್ಬು ಆಭರಣಕ್ಕೆ ಕಲ್ಲುಪುಡಿಯ ಸರಿ, ಆಮೇಲೆ ಬಣ್ಣ. ವಿಎಫ್‌ಎಕ್ಸ್‌ನಲ್ಲಿ ವಸ್ತುವಿನ ಮೈ ರೂಪಿಸುವವರು ಕೇಳಿಕೊಳ್ಳುವ ಪ್ರಶ್ನೆ ಇಲ್ಲೂ ಅದೇ: ಕೆಳಗಿನ ಪದರ ಏನು, ಬೆಳಕು ಎಷ್ಟು ಒಳಗಿಳಿದು ಮರಳುತ್ತದೆ? ಬೆಂಗಳೂರಿನ ಸಂಸ್ಥೆಗಳಲ್ಲಿ ಲಕ್ಷಾಂತರ ಶುಲ್ಕ ತೆತ್ತು ಕಲಿಯುವ ಮಕ್ಕಳಿಗೆ ಇವರ ಮನೆಯಂಗಳದಲ್ಲಿ ಒಂದು ವಾರ ಕೂರುವ ಅವಕಾಶ ಪಠ್ಯದ ಭಾಗವಾಗಬೇಕೆಂಬುದು ನನ್ನ ಬಲವಾದ ನಂಬಿಕೆ.

ಉದ್ಯೋಗ ಇರುವುದು ಮುಖ್ಯವಾಗಿ ಬೆಂಗಳೂರು, ಹೈದರಾಬಾದ್, ಮುಂಬೈ, ಚೆನ್ನೈಗಳಲ್ಲಿ. ಈ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಈಗ ಜಾರಿಯಲ್ಲಿರುವುದು 2024–29ರ ಎವಿಜಿಸಿ–ಎಕ್ಸ್‌ಆರ್ (ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಮತ್ತು ವಿಸ್ತೃತ ವಾಸ್ತವ) ನೀತಿ. ‘ಕೆಜಿಎಫ್ ಚಾಪ್ಟರ್ 2’ರ ವಿಎಫ್‌ಎಕ್ಸ್ ಬೆಂಗಳೂರಿನ ಯೂನಿಫೈ ಮೀಡಿಯಾದಲ್ಲಿ ಆಯಿತು. ಆಸ್ಕರ್ ಗೆದ್ದ 2016ರ ‘ದಿ ಜಂಗಲ್ ಬುಕ್’ ಕೆಲಸದಲ್ಲಿ ಎಂಪಿಸಿ ಸ್ಟುಡಿಯೊದ ಬೆಂಗಳೂರು ಘಟಕವೂ ಇತ್ತು.

ಕಹಿ ಸಂಗತಿಯನ್ನೂ ಹೇಳಬೇಕು. ಅದೇ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದುಬಿತ್ತು. ಭಾರತದಲ್ಲಿ ಸುಮಾರು ಮೂರು ಸಾವಿರ ಜನರ ಕೆಲಸಕ್ಕೆ ಕುತ್ತು ಬಂತು. ರೋಟೊ, ಪೇಂಟ್ ಕೆಲಸದ ದೊಡ್ಡ ಪಾಲನ್ನು ಕೃತಕ ಬುದ್ಧಿಮತ್ತೆಯ ಉಪಕರಣಗಳು ಹಿಡಿಯತೊಡಗಿವೆ. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿರುವ ಮೀಸಲಾತಿಯ ಮೇಲೆ ಕಣ್ಣಿಟ್ಟು ಮಕ್ಕಳನ್ನು ಧಾರವಾಡಕ್ಕೆ ಕೋಚಿಂಗ್‌ಗೆ ಕಳಿಸುವ ತಂದೆತಾಯಿಯ ಆತಂಕ ಆಧಾರವಿಲ್ಲದ್ದಲ್ಲ. ಈ ಉದ್ಯೋಗದಲ್ಲಿ ಅಂಥ ಭದ್ರತೆ ಇಲ್ಲ. ಒಂದು ತಂತ್ರಾಂಶದ ಗುಂಡಿ ಒತ್ತುವುದನ್ನಷ್ಟೇ ಆರು ತಿಂಗಳ ಕೋರ್ಸಿನಲ್ಲಿ ಕಲಿತವರು ಮೊದಲು ಕೆಲಸ ಕಳೆದುಕೊಳ್ಳುತ್ತಾರೆ. ಉಪಕರಣವನ್ನೇ ಬರೆಯಬಲ್ಲವರಿಗೆ, ಲೆಕ್ಕ ಎಲ್ಲಿ ತಪ್ಪಿತೆಂದು ಹಿಡಿಯಬಲ್ಲವರಿಗೆ ಗೇಮ್, ವಾಸ್ತುವಿನ್ಯಾಸ, ವಾಹನ ವಿನ್ಯಾಸದಂಥ ಕ್ಷೇತ್ರಗಳ ಬಾಗಿಲೂ ತೆರೆದಿರುತ್ತದೆ. ಹಾಗಾಗಿ ಸಾಲ ಮಾಡಿ ಕೋರ್ಸಿಗೆ ಸೇರುವ ಮೊದಲು ತಳಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೋ, ಸಮೀಪದ ಪಾಲಿಟೆಕ್ನಿಕ್ಕೋ ಸೇರಿ ಬುನಾದಿ ಗಟ್ಟಿ ಮಾಡಿಕೊಳ್ಳುವುದು ಮೇಲು ಎನ್ನುತ್ತೇನೆ.

ಕಲಿಯಲು ತಂತ್ರಾಂಶದ ಖರ್ಚಿಲ್ಲ. ಬ್ಲೆಂಡರ್ ಪೂರ್ತಿ ಉಚಿತ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ಅನಿಮೇಷನ್ ಚಿತ್ರ ‘ಫ್ಲೋ’ ತಯಾರಾದದ್ದು ಅದರಲ್ಲೇ. ಹೂಡಿನಿಗೂ, ಪದರ ಕೂಡಿಸುವ ನ್ಯೂಕ್‌ಗೂ ಕಲಿಕೆಗೆಂದೇ ಉಚಿತ ಆವೃತ್ತಿಗಳಿವೆ. ಕೆಲಸಕ್ಕೆ ತೆಗೆದುಕೊಳ್ಳುವವರು ಅಂಕಪಟ್ಟಿಗಿಂತ ಮೊದಲು ಕೇಳುವುದು ಶೋರೀಲ್, ಅಂದರೆ ಒಂದೆರಡು ನಿಮಿಷದ ಸ್ವಂತ ಕೆಲಸ. ಟಿಡಿ ಆಗಬೇಕೆನ್ನುವವರು ಅದರ ಜತೆಗೆ ತಾವು ಬರೆದ ಕೋಡನ್ನೂ ತೋರಿಸಬೇಕು.

ಶೋರೀಲ್‌ಗೆ ಒಳ್ಳೆಯ ವಸ್ತು ಜಿಲ್ಲೆಯಲ್ಲೇ ಇದೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಕಟ್ಟಿದ್ದು. ಅದರ ಒಂದು ಕಂಬವನ್ನು ಮೊಬೈಲ್‌ನಲ್ಲಿ ಸುತ್ತಲಿಂದ ಫೋಟೊ ತೆಗೆದು ಮೂರು ಆಯಾಮದ ಮಾದರಿ ಮಾಡಲು ಹೊರಟರೆ ಮೊದಲ ಯತ್ನ ಕೆಡುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಆ ಕಂಬಗಳಿಗೆ ನಯಗೊಳಿಸಿದ ಹೊಳಪಿದೆ. ಕ್ಯಾಮೆರಾ ಸರಿದಂತೆ ಮೈಮೇಲಿನ ಪ್ರತಿಫಲನವೂ ಸರಿಯುತ್ತದೆ. ತಂತ್ರಾಂಶ ಅದನ್ನು ಕಲ್ಲಿನ ಗುರುತೆಂದು ತಿಳಿದು ಮೋಸಹೋಗುತ್ತದೆ. ಮೋಡ ಕವಿದ ದಿನ ಹೋಗಬೇಕು, ಪ್ರತಿ ಫೋಟೊ ಹಿಂದಿನದರ ಮುಕ್ಕಾಲು ಭಾಗವನ್ನಾದರೂ ಹೊಂದಿರಬೇಕು, ಎಕ್ಸ್‌ಪೋಶರ್ ಬದಲಾಗದಂತೆ ಲಾಕ್ ಮಾಡಬೇಕು, ಮತ್ತೂ ಉಳಿದ ಗುಳಿ-ಉಬ್ಬುಗಳನ್ನು ಬ್ಲೆಂಡರ್‌ನಲ್ಲಿ ಪೈಥಾನ್ ಬರೆದು ಹುಡುಕಬೇಕು. ಶೋರೀಲ್‌ನಲ್ಲಿ ಕೆಟ್ಟ ಮಾದರಿಯನ್ನೂ ಸರಿಯಾದದ್ದನ್ನೂ ಅಕ್ಕಪಕ್ಕ ಇಟ್ಟು, ನಡುವೆ ಏನೇನು ಬದಲಿಸಿದಿರಿ ಎಂದು ಬರೆಯಿರಿ. ಸಂದರ್ಶನದಲ್ಲಿ ಪ್ರಶ್ನೆಗಳು ಬರುವುದು ಆ ಕೆಟ್ಟ ಮಾದರಿಯ ಬಗ್ಗೆಯೇ.