ಭದ್ರೆಯ ನೀರು ಮತ್ತು ಪಂಕ್ತಿಧರ್ಮ

ಪರಶಿವನ ಅಷ್ಟಮೂರ್ತಿಗಳಲ್ಲಿ ಜಲವೂ ಒಂದು. ವೀರಶೈವರ ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಪವಿತ್ರವಾದ ಸ್ಥಾನವಿದೆ. ಇಷ್ಟಲಿಂಗಕ್ಕೆ ನೀರೆರೆಯದೆ ತುತ್ತು ಎತ್ತದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಆದರೆ ಲಿಂಗಕ್ಕೆ ಎರೆದ ನೀರು ಮಾತ್ರ ಪವಿತ್ರ, ಗದ್ದೆಗೆ ಹರಿದ ನೀರು ಬರೀ ನೀರು ಎಂದು ತಿಳಿಯುವುದು ಸರಿಯಲ್ಲ. ಎರಡೂ ಒಂದೇ ಬೆಟ್ಟದಿಂದ ಇಳಿದು ಬಂದದ್ದು.

ಭದ್ರೆಯ ಮಾತನ್ನೇ ನೋಡೋಣ. ಪಶ್ಚಿಮಘಟ್ಟದ ವರಾಹಪರ್ವತದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಆದಿವರಾಹನ ಕೋರೆದಾಡೆಗಳಿಂದ ತುಂಗೆ, ಭದ್ರೆಯರು ಜನಿಸಿದರೆಂಬುದು ಪುರಾಣೋಕ್ತಿ. ನೇತ್ರಾವತಿ ಪಡುವಣಕ್ಕೆ ಇಳಿದಳು. ಭದ್ರೆ ಕಳಸವನ್ನು ಬಳಸಿ, ಶ್ರೀ ಜಗದ್ಗುರು ರೇಣುಕಾಚಾರ್ಯರ ಪೀಠವಿರುವ ಬಾಳೆಹೊನ್ನೂರಿನ ಪಾದ ತೊಳೆದು, ಲಕ್ಕವಳ್ಳಿಯಲ್ಲಿ ಅಣೆಕಟ್ಟಿಗೆ ನಿಂತು, ಕೂಡ್ಲಿಯಲ್ಲಿ ತುಂಗೆಯನ್ನು ಕೂಡುತ್ತಾಳೆ. ಕುದುರೆಮುಖದ ಕಬ್ಬಿಣದ ಗಣಿಯ ಕೆಂಪು ಹೂಳನ್ನೂ ಈ ತಾಯಿ ಬಹುಕಾಲ ಹೊತ್ತಳು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು.

ಲಕ್ಕವಳ್ಳಿಯ ಜಲಾಶಯದ ಎತ್ತರ 186 ಅಡಿ, ಸಂಗ್ರಹ ಸುಮಾರು 71 ಟಿಎಂಸಿ. ಅದರ ನಾಲೆಗಳು ಬಂದ ಮೇಲೆ ಹತ್ತಿ, ಜೋಳ ಬೆಳೆಯುತ್ತಿದ್ದ ದಾವಣಗೆರೆ ಸೀಮೆ ಭತ್ತದ ಕಣಜವಾಯಿತು. ಲಕ್ಷ ಹೆಕ್ಟೇರಿಗೂ ಮಿಗಿಲಾದ ಅಚ್ಚುಕಟ್ಟು ಇದು. ಮಠಗಳ ದಾಸೋಹಕ್ಕೆ ಗಾಡಿಗಟ್ಟಲೆ ಅಕ್ಕಿ ಬರುವುದು ಈ ನೀರಿನ ಪುಣ್ಯದಿಂದಲೇ.

ಈಗ ನಾಲೆಯ ಮೇಲ್ಭಾಗದಲ್ಲಿ ಗದ್ದೆಗಳು ಅಡಿಕೆ ತೋಟಗಳಾಗಿವೆ. ನಾಲೆಗೆ ಪಂಪ್‌ಸೆಟ್ ಇಳಿಬಿಟ್ಟು ಹಗಲಿರುಳು ನೀರೆತ್ತುವವರೂ ಇದ್ದಾರೆ. ಕೊನೆಭಾಗದ ರೈತನಾದರೋ ಸಸಿಮಡಿ ಮಾಡಿ, ನಾಲೆಯ ತಳ ನೋಡುತ್ತ ಕೂರುತ್ತಾನೆ. 2023ರಲ್ಲಿ ಮಳೆ ಕೈಕೊಟ್ಟಾಗ ಭದ್ರೆಯ ನೀರಿಗಾಗಿ ರೈತರು ಬೀದಿಗಿಳಿದದ್ದನ್ನು ನಾಡು ಕಂಡಿದೆ. ಮೇಲ್ಭಾಗದವರ ಸಂಕಟವೂ ಸುಳ್ಳಲ್ಲ. ಭತ್ತ ಒಣಗಿದರೆ ಒಂದು ಬೆಳೆ ಹೋಗುತ್ತದೆ, ಅಡಿಕೆ ಮರ ಒಣಗಿದರೆ ಹತ್ತು ವರ್ಷದ ದುಡಿಮೆಯೇ ಹೋಗುತ್ತದೆ. ಆದರೂ ಅಚ್ಚುಕಟ್ಟಿನ ಲೆಕ್ಕದಲ್ಲಿ ಕೊನೆಯ ಗದ್ದೆಗೂ ಪಾಲು ಬರೆದಿದೆಯಲ್ಲವೆ?

ದಾಸೋಹದಲ್ಲಿ ಬಡಿಸುವವನು ಪಂಕ್ತಿಯ ಮೊದಲಿನಿಂದಲೇ ಆರಂಭಿಸುತ್ತಾನೆ, ಅದು ತಪ್ಪಲ್ಲ. ಮೊದಲು ಕುಳಿತವನು ಪಾತ್ರೆಯನ್ನೇ ಹಿಡಿದುಕೊಂಡರೆ ಅದು ಪಂಕ್ತಿಭೇದ. ಕೊನೆಯ ಎಲೆಗೆ ಅನ್ನ ಬೀಳುವ ತನಕ ಮೊದಲ ಎಲೆಯವನು ಕೈಯಿಕ್ಕದಿರುವುದು ನಮ್ಮ ಹಿರಿಯರ ನಡೆ. ಊಟದ ಮನೆಯಲ್ಲಿ ಪಾಲಿಸುವ ಈ ನಡೆಯನ್ನು ನಾಲೆಯ ಏರಿಯ ಮೇಲೆ ಮರೆಯುವುದೇಕೆ? ತೂಬಿಗೆ ಬೀಗ ಹಾಕಿ, ಪೊಲೀಸರನ್ನು ಕಾವಲಿಟ್ಟರೆ ನಾಲ್ಕು ದಿನ ನೀರು ಹರಿದೀತು. ಐದನೆಯ ದಿನ ಬೀಗ ಒಡೆಯುವ ಕೈ ಹುಟ್ಟಿಕೊಳ್ಳುತ್ತದೆ.

ಬೇಸಿಗೆ ಬೆಳೆಗೆ ನೀರು ಬಿಡುವ ಮುನ್ನ ಮೇಲ್ಭಾಗದ ಊರುಗಳ ಹಿರಿಯರು ಕೊನೆಭಾಗದ ಊರುಗಳಿಗೆ ಒಮ್ಮೆ ಹೋಗಿ, ಅಲ್ಲಿಯ ಒಣ ಕಾಲುವೆಯಲ್ಲಿ ನಡೆದಾಡಿ ಬರಬೇಕೆಂಬುದು ನಮ್ಮ ಅಪೇಕ್ಷೆ. ಯಾವ ವಾರ ಯಾರು ಪಂಪು ನಿಲ್ಲಿಸಬೇಕೆಂಬುದನ್ನು ಎರಡೂ ಕಡೆಯವರು ಕುಳಿತು ಮಾತನಾಡಲಿ. ಸ್ಥಳ ಬೇಕಾದರೆ ಮಠದ ಅಂಗಳವಿದೆ, ಪ್ರಸಾದದ ವ್ಯವಸ್ಥೆಯನ್ನು ನಾವು ಮಾಡಿಸುತ್ತೇವೆ.