ಕೂಸಿನ ಹಳದಿ ಅಳೆಯುವ ಬಗೆ

ಆಷಾಢದ ಮಳೆ ಹಿಡಿದರೆ ಸಕಲೇಶಪುರದ ಕಾಫಿ ತೋಟದ ಲೈನ್ ಮನೆಗಳೊಳಗೆ ಹಾಡಹಗಲೂ ಮಬ್ಬು. ಮೂರನೇ ದಿನಕ್ಕೆ ಬರುವ ಆಶಾ ಕಾರ್ಯಕರ್ತೆ ಕೂಸನ್ನು ಬಾಗಿಲ ಬಳಿ ತಂದು, ಹಣೆಯ ಚರ್ಮ ಒತ್ತಿ ಬಿಟ್ಟು, ಬಿಳುಚಿದ ಜಾಗ ಹಳದಿಯೋ ಎಂದು ನೋಡಬೇಕು. ಹಳದಿ ಮುಖದಿಂದ ಅಂಗಾಲಿನತ್ತ ಇಳಿದಷ್ಟೂ ರಕ್ತದಲ್ಲಿ ಬಿಲಿರುಬಿನ್ ಹೆಚ್ಚಿರುತ್ತದೆಂದು 1969ರಲ್ಲಿ ವೈದ್ಯ ಕ್ರೇಮರ್ ತೋರಿಸಿದರು. ಆದರೆ ಕಪ್ಪು ಮೈಬಣ್ಣದಲ್ಲಿ, ಮಬ್ಬು ಬೆಳಕಿನಲ್ಲಿ ಕಣ್ಣಳತೆ ತಪ್ಪುವುದೇ ಹೆಚ್ಚು.

ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಹಳದಿ ವಸ್ತು ಬಿಲಿರುಬಿನ್. ಅದನ್ನು ಹೊರಹಾಕುವಷ್ಟು ಕೂಸಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲ. ಮೂರರಿಂದ ಐದನೇ ದಿನದೊಳಗೆ ಬಿಲಿರುಬಿನ್ ಏರಿ, ಬಹುಪಾಲು ಕೂಸುಗಳಲ್ಲಿ ತಾನೇ ಇಳಿಯುತ್ತದೆ. ಮಿತಿಮೀರಿದರೆ ಮಿದುಳಿಗೆ ಪೆಟ್ಟು, ಕೆಲವರಿಗೆ ಜೀವನಪೂರ್ತಿ ಕಿವುಡು.

ಪ್ರಯೋಗಾಲಯಗಳು ಹೆಚ್ಚಾಗಿ ನೆಚ್ಚಿರುವುದು 1883ರಲ್ಲಿ ವಿಜ್ಞಾನಿ ಎರ್ಲಿಕ್ ಕಂಡುಕೊಂಡ ಡಯಾಜೋ ಕ್ರಿಯೆಯನ್ನು: ಮದ್ದು ಬೆರೆಸಿದರೆ ಬಿಲಿರುಬಿನ್ ಬಣ್ಣ ತಿರುಗುತ್ತದೆ, ಆ ಬಣ್ಣವನ್ನು ಅಳೆಯುತ್ತಾರೆ. ತೊಡಕೆಂದರೆ ಕೂಸಿನ ಬಿಲಿರುಬಿನ್ ನೀರಿನಲ್ಲಿ ಕರಗದು, ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು 1938ರಲ್ಲಿ ಯೆಂಡ್ರಾಸಿಕ್ ಮತ್ತು ಗ್ರೋಫ್ ಬಳಸಿದ್ದು ಕೆಫೀನ್. ಈ ಗುಡ್ಡಗಳ ಕಾಫಿ ಬೀಜದಲ್ಲಿರುವ ಅದೇ ಕೆಫೀನ್! ವಿಧಾನ ಇಂದಿಗೂ ಬಳಕೆಯಲ್ಲಿದೆ. ಹಿಮ್ಮಡಿ ಹಿಂಡಿ ತೆಗೆದ ರಕ್ತದಲ್ಲಿ ಕಣಗಳು ಒಡೆದಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ.

ಇನ್ನೊಂದು ಯಂತ್ರಕ್ಕೆ ಮದ್ದು ಬೇಡ, ಒಂದೆರಡು ಹನಿ ರಕ್ತ ಸಾಕು. ಆ ರಕ್ತದ ತಿಳಿಭಾಗವಾದ ಸೀರಂ ಎಷ್ಟು ನೀಲಿ ಬೆಳಕು ಹೀರಿತೆಂದು ನೋಡಿ, ಹಿಮೋಗ್ಲೋಬಿನ್ನಿನ ಪಾಲನ್ನು ಕಳೆಯುತ್ತದೆ. ಮೊದಲ ಕೆಲ ವಾರ ಮಾತ್ರ ಇದನ್ನು ನಂಬಬಹುದು; ಆಮೇಲೆ ಆಹಾರದ ಹಳದಿ ಬಣ್ಣಗಳೂ ರಕ್ತಕ್ಕೆ ಸೇರುತ್ತವೆ.

1980ರಲ್ಲಿ ಜಪಾನಿನಿಂದ ಬಂದ ಮೀಟರಿಗೆ ಸೂಜಿಯೂ ಬೇಡ. ಹಣೆಗೋ ಎದೆಗೋ ಒತ್ತಿದರೆ ಬೆಳಕು ಮಿಂಚಿ ಅಂಕಿ ಬರುತ್ತದೆ. ಅಂಕಿ ಹೆಚ್ಚು ಬಂದರೆ ರಕ್ತಪರೀಕ್ಷೆ ಮಾಡಲೇಬೇಕು. ಹಳದಿ ಇಳಿಸಲು ಬೆಳಕಿನ ಚಿಕಿತ್ಸೆ ಪಡೆಯುತ್ತಿರುವ ಕೂಸಿನಲ್ಲಿ ಅದನ್ನು ನೆಚ್ಚುವಂತಿಲ್ಲ. ಜಿಲ್ಲಾ ಕೇಂದ್ರವಾದ ಹಾಸನ 40 ಕಿಲೋಮೀಟರ್ ದೂರವಿರುವ ಊರಿಗೆ ಮೊದಲು ಬೇಕಾದದ್ದು ಈ ಮೀಟರೇ ಎಂಬುದು ನನ್ನ ಗಟ್ಟಿ ನಂಬಿಕೆ.

ರಕ್ತ ಕಳಿಸುವುದಾದರೆ ಬೆಳಕಿನಿಂದ ಕಾಪಾಡಬೇಕು. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಬಿಸಿಲಿಗೆ ಬಿದ್ದಿದ್ದ ರಕ್ತದ ಕೊಳವೆಯಲ್ಲಿ ಬಿಲಿರುಬಿನ್ ಇಳಿದುಹೋಗಿತ್ತು. ಬೆಳಕಿನ ಚಿಕಿತ್ಸೆಗೆ ದಾರಿ ತೋರಿದ ಸುಳಿವುಗಳಲ್ಲಿ ಅದೂ ಒಂದು. ಪಕ್ಕದ ಆಲೂರಿನಿಂದ ಹಾಸನಕ್ಕೆ ಜೀಪಿನ ಕಿಟಕಿ ಬದಿಯಲ್ಲಿ ಹೊರಟ ಕೊಳವೆಗೂ ಅದೇ ಗತಿ: ಕಾಯಿಲೆ ಇದ್ದೂ ಅಂಕಿ ಕಡಿಮೆ. ಕೊಳವೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಚೀಟಿಯಲ್ಲಿ ಕೂಸು ಹುಟ್ಟಿದ ಗಂಟೆಯನ್ನೂ ಬರೆಯಬೇಕು. ಡೆಸಿಲೀಟರಿಗೆ 12 ಮಿಲಿಗ್ರಾಂ ಎಂಬುದು ಒಂದು ದಿನದ ಕೂಸಿನಲ್ಲಿ ಅಪಾಯದ ಗಂಟೆ; ತಿಂಗಳು ತುಂಬಿ ಹುಟ್ಟಿ, ಚೆನ್ನಾಗಿ ಹಾಲು ಕುಡಿಯುವ ನಾಲ್ಕು ದಿನದ ಕೂಸಿನಲ್ಲಿ ಸಾಮಾನ್ಯವಾಗಿ ಕಾದು ನೋಡಬಹುದಾದ ಮಟ್ಟ.