ಕಿಮೋ ನಂತರ ಜ್ವರ: ಒಂದು ಆ್ಯಂಟಿಬಯೋಟಿಕ್ ಸಾಕೇ, ಎರಡು ಬೇಕೇ?

ಕಿಮೋಥೆರಪಿ ಪಡೆದು ಮನೆಗೆ ಬಂದ ಕ್ಯಾನ್ಸರ್ ರೋಗಿಗೆ ಒಂದೆರಡು ವಾರದೊಳಗೆ ಜ್ವರ ಬಂದರೆ ಅದನ್ನು ಮಾಮೂಲಿ ಜ್ವರ ಅಂತ ಬಿಡುವ ಹಾಗಿಲ್ಲ. ಕಿಮೋ ಮದ್ದು ಕ್ಯಾನ್ಸರ್ ಕೋಶಗಳ ಜೊತೆಗೆ ಬಿಳಿ ರಕ್ತಕಣಗಳನ್ನೂ ಇಳಿಸುತ್ತದೆ. ಇವುಗಳಲ್ಲಿ ಬ್ಯಾಕ್ಟೀರಿಯಾ ವಿರುದ್ಧ ಮೊದಲು ಹೋರಾಡುವುದು ನ್ಯೂಟ್ರೋಫಿಲ್. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇದು 500ಕ್ಕಿಂತ ಕೆಳಗೆ ಇಳಿದಿರುವಾಗ ಜ್ವರ ಬಂದರೆ ಅದು ತುರ್ತು ಚಿಕಿತ್ಸೆಯ ಸ್ಥಿತಿ. ಕೀವು ಆಗಲಿಕ್ಕೂ ಈ ಕಣಗಳೇ ಬೇಕು. ಹಾಗಾಗಿ ಒಳಗೆ ಸೋಂಕು ಹರಡುತ್ತಿದ್ದರೂ ಹೊರಗೆ ಜ್ವರ ಬಿಟ್ಟರೆ ಬೇರೆ ಗುರುತೇ ಕಾಣದಿರಬಹುದು.

ಎರಡು ಮದ್ದು ಶುರುವಾದದ್ದು ಹೇಗೆ?

ರಕ್ತದ ಕಲ್ಚರ್ ವರದಿ ಬರಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ಸ್ಯೂಡೊಮೊನಾಸ್‌ನಂತಹ ಬ್ಯಾಕ್ಟೀರಿಯಾ ಜೀವ ತೆಗೆಯಬಲ್ಲದು. 1971ರಲ್ಲಿ ಅಮೆರಿಕದ ವೈದ್ಯರು ವರದಿಗೆ ಕಾಯದೆ ಕಾರ್ಬೆನಿಸಿಲಿನ್ ಮತ್ತು ಜೆಂಟಾಮೈಸಿನ್ ಒಟ್ಟಿಗೆ ಕೊಟ್ಟು ಸಿಕ್ಕಿದ ಫಲಿತಾಂಶ ಪ್ರಕಟಿಸಿದರು. ಆಗಿನ ಮದ್ದುಗಳ ಶಕ್ತಿ ಸೀಮಿತವಾಗಿದ್ದ ಕಾರಣ ಈ ಜೋಡಿ ಚಿಕಿತ್ಸೆಯೇ ರೂಢಿಯಾಯಿತು.

ಈಗ ಒಂದೇ ಯಾಕೆ?

ಮುಂದೆ ಸೆಫೆಪೈಮ್, ಪೈಪೆರಾಸಿಲಿನ್-ಟಾಜೊಬ್ಯಾಕ್ಟಮ್, ಮೆರೊಪೆನೆಮ್ ಬಂದವು. ಇವು ಒಂದೊಂದೂ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಎದುರಿಸುತ್ತವೆ. 71 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2013ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಜೆಂಟಾಮೈಸಿನ್, ಅಮಿಕಾಸಿನ್ ಗುಂಪಿನ ಎರಡನೇ ಮದ್ದು ಸೇರಿಸಿದ್ದರಿಂದ ಹೆಚ್ಚು ಜನ ಬದುಕಲಿಲ್ಲ. ಕಿಡ್ನಿಗೆ ಆಗುವ ತೊಂದರೆ ಮಾತ್ರ ಹೆಚ್ಚಾಯಿತು. ಕಿಮೋದಿಂದ ಮೊದಲೇ ಸೋತ ದೇಹಕ್ಕೆ ಇದು ಸಣ್ಣ ನಷ್ಟವಲ್ಲ.

ಹಾಗಂತ ಎರಡನೇ ಮದ್ದು ಬೇಡವೇ ಬೇಡ ಅಂತಲ್ಲ. ಬಿಪಿ ಇಳಿದಿದ್ದರೆ ಅಥವಾ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದ ಶಂಕೆ ಇದ್ದರೆ ವೈದ್ಯರು ಇನ್ನೊಂದನ್ನು ಸೇರಿಸುತ್ತಾರೆ. ಕ್ಯಾಥೆಟರ್ ಜಾಗದಲ್ಲಿ ಸೋಂಕು ಕಂಡರೆ ವ್ಯಾಂಕೊಮೈಸಿನ್ ಕೊಡುವುದುಂಟು. ಭಾರತದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿ ಇರುವುದರಿಂದ ಆಯಾ ಆಸ್ಪತ್ರೆಯಲ್ಲಿ ಯಾವುದು ಕೆಲಸ ಮಾಡುತ್ತದೆ ಎಂಬ ದಾಖಲೆ ನೋಡಿಯೇ ಆಯ್ಕೆ ನಡೆಯುತ್ತದೆ. ಅಪಾಯ ಕಡಿಮೆ ಇರುವ ಕೆಲವರಿಗೆ ಪರೀಕ್ಷೆಯ ನಂತರ ಸಿಪ್ರೊಫ್ಲಾಕ್ಸಾಸಿನ್ ಮತ್ತು ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆಗಳೇ ಸಾಕಾಗುತ್ತವೆ. ಇದನ್ನು ವೈದ್ಯರೇ ತೀರ್ಮಾನಿಸಬೇಕು. ಮನೆಯಲ್ಲಿ ಉಳಿದಿರುವ ಮಾತ್ರೆ ನುಂಗಿಸಬಾರದು.

ಮನೆಯವರ ಕೈಯಲ್ಲಿ ಇರುವುದು

ಮಂಜೇಶ್ವರ, ಉಪ್ಪಳ, ಕಾಸರಗೋಡು ಕಡೆಯ ಹಲವರು ಮಂಗಳೂರಿನಲ್ಲಿ ಕಿಮೋ ಪಡೆದು ಅದೇ ದಿನ ಊರಿಗೆ ಮರಳುತ್ತಾರೆ. ರಾತ್ರಿ ಜ್ವರ ಬಂದರೆ "ಬೆಳಿಗ್ಗೆ ನೋಡುವ" ಎಂದು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸುವುದು ಅಪಾಯ. ಮಾತ್ರೆಯಿಂದ ಜ್ವರ ಇಳಿದ ಹಾಗೆ ಕಂಡರೂ ಸೋಂಕು ಬೆಳೆಯುತ್ತಲೇ ಇರುತ್ತದೆ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ, ತಡಮಾಡದೆ ಹೊರಡಬೇಕು. ದೂರ ಇದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗಾದರೂ ಹೋಗಬೇಕು.

ಕ್ಯಾಶುವಾಲಿಟಿಯಲ್ಲಿ ಮೊದಲ ಮಾತೇ "ಕಿಮೋ ಆಗಿದೆ, ಇಂಥ ದಿನ ಆಗಿದೆ" ಎಂದಿರಲಿ. ಡಿಸ್ಚಾರ್ಜ್ ಕಾರ್ಡ್ ಕೈಯಲ್ಲಿರಲಿ. ತಲುಪಿದ ಒಂದು ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು ಎನ್ನುತ್ತವೆ ಮಾರ್ಗಸೂಚಿಗಳು. ಒಂದು ಮದ್ದೋ ಎರಡೋ ಎಂಬುದು ವೈದ್ಯರ ಲೆಕ್ಕ. ಆ ಒಂದು ಗಂಟೆ ತಪ್ಪದಂತೆ ನೋಡುವುದು ಮನೆಯವರಿಂದಲೇ ಶುರು.